ವಿಶೇಷ ಕೋರಿಕೆ

ಹೋದ ಅಕ್ಟೋಬರಿನಲ್ಲಿ ಮಾತೆ ಮರಿಯಮ್ಮನ ಪ್ರತಿಮೆ ನ್ಯೂಜೆರ್ಸಿಯ ಹ್ಯಾರಿಸನ್ ಊರಿಗೆ ಹೋಯಿತು, ವಾರದ ಕೊನೆಯ ಶನಿವಾರ ಅದರ ಹಿಂದೆ ನಾವೂ ಹೋದೆವು. ರೈಲು ಸ್ಟೇಷನ್ನಿನ ಮಗ್ಗುಲಲ್ಲಿ ಸಾಲಾಗಿ ಎದ್ದಿರುವ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಒಂದರಲ್ಲಿ ನನ್ನ ಗೆಳತಿ ಲೂರ್ದುವಿನ ಮಗಳು ನಿಷಾ ಬಾಡಿಗೆಗಿದ್ದಾಳೆ. ದಿನಾ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಾಳೆ. ಬಾಗಿಲು ತೆಗೆದದ್ದೇ ಸಾಂಬ್ರಾಣಿಯ ವಾಸನೆ ಬಂತು, ಹೊಗೆ ಮಾತ್ರ ಕಾಣಲಿಲ್ಲ. ನೋಡಿದರೆ ಹಿತ್ತಾಳೆ ಬಟ್ಟಲಿನಲ್ಲಿ ಸಾಂಬ್ರಾಣಿಯ ಹರಳುಗಳನ್ನು ಪುಡಿ ಮಾಡಿ ಸುಮ್ಮನೆ ಇಟ್ಟಿದ್ದಳು. "ಇಲ್ಲಿ ಹೊಗೆ ಹಾಕಿದ್ರೆ ಹೋಲ್ ಬಿಲ್ಡಿಂಗ್ ಖಾಲಿ ಮಾಡಿಸ್ತಾರೆ ಆಂಟಿ" ಎಂದಳು.

ಅವಳ ತಾಯಿ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದಳು. ಇದೇ ಹ್ಯಾರಿಸನ್ನಿನ ಹಳೆಯ ಬೀದಿಯ ಮನೆಯಲ್ಲಿ, ಕುರ್ಚಿ ಹತ್ತಿ, ಹೊಗೆ ತಗುಲಿದರೆ ಕಿರುಚುವ ಚಾವಣಿಯ ಸ್ಮೋಕ್ ಅಲಾರಂಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿ, ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕುತ್ತಿದ್ದಳು. "ಮಾತೆ ಎದ್ರಿಗೆ ಹೊಗೆ ಇಲ್ದಿದ್ರೆ ಅದು ಆಫೀಸ್ ಮೀಟಿಂಗ್ ಕಣೇ" ಎನ್ನುತ್ತಿದ್ದಳು. ನಿಷಾಳ ಬಟ್ಟಲಿನ ಮುಂದೆ ನಿಂತು ನನಗೆ ಆ ಟೋಪಿ, ಆ ಕುರ್ಚಿ, ಆ ಚಳಿಗಾಲ ಎಲ್ಲ ಒಟ್ಟಿಗೆ ನೆನಪಾದವು. ಕಾಫಿಯ ನೆಪ ಮಾಡಿ ಅಡುಗೆಮನೆಗೆ ಹೋದೆ.

ನಾವೆಂದರೆ ಮೈಸೂರು, ಬೆಂಗಳೂರು ಕಡೆಯಿಂದ ಬಂದು ನ್ಯೂಜೆರ್ಸಿಯಲ್ಲಿ ನೆಲೆಸಿರುವ ಬೆರಳೆಣಿಕೆಯಷ್ಟು ಕನ್ನಡದ ಕಥೋಲಿಕ ಕುಟುಂಬಗಳು. ಕನ್ನಡ ಸಂಘದವರಿಗೆ ನಮ್ಮ ನೆನಪಾಗುವುದು ಡಿಸೆಂಬರಿನಲ್ಲಿ, ಕೇಕಿನ ಮಾತು ಬಂದಾಗ. ಚರ್ಚಿನಲ್ಲಿ ಎಲ್ಲರೂ ನಮ್ಮನ್ನು ಕೇರಳದವರೆಂದೇ ತಿಳಿದಿದ್ದಾರೆ, ತಿದ್ದಿ ತಿದ್ದಿ ನಾವೂ ಸುಸ್ತಾಗಿದ್ದೇವೆ. ಅಕ್ಟೋಬರ್ ನಮಗೆ ಜಪಸರದ ತಿಂಗಳು, ಮಣಿಸರ ಹಿಡಿದು ಮಾತೆಗೆ ಪ್ರಾರ್ಥನೆ ಹೇಳುವ ಕಾಲ. ಮೈಸೂರಿನಿಂದ ತಂದ ಮರದ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲಿ ಒಂದೊಂದು ವಾರ ಇರುತ್ತದೆ. ವಾರದ ಕೊನೆಗೆ ಎಲ್ಲರೂ ಸೇರಿ ಕನ್ನಡದಲ್ಲಿ ಜಪಸರ ಹೇಳಬೇಕು. ಆಮೇಲೆ ಆ ಮನೆಯ ಹೆಂಗಸು ಪ್ರತಿಮೆಯನ್ನು ಮಗುವಿನ ಹಾಗೆ ಎತ್ತಿ ಮುಂದಿನ ಮನೆಯವಳ ತೋಳಿಗೆ ಕೊಡಬೇಕು. ಅಕ್ಟೋಬರಿನಲ್ಲಿ ಮನೆಗಳು ಮುಗಿಯದಿದ್ದರೆ ಕ್ರಿಸ್ಮಸ್ ಹತ್ತಿರದವರೆಗೂ ಎಳೆಯುತ್ತೇವೆ.

ಜಪಸರದಲ್ಲಿ ಹತ್ತತ್ತು ಮಣಿಯ ಐದು ಸುತ್ತು. ಪ್ರತಿ ಸುತ್ತಿಗೆ ಮೊದಲು ಯಾರಾದರೊಬ್ಬರು ಒಂದು ಕೋರಿಕೆ ಹೇಳುತ್ತಾರೆ. ಊರಿನಲ್ಲಿರುವ ಅಪ್ಪನ ಮಂಡಿ ಆಪರೇಷನ್, ಮಗನ ಪರೀಕ್ಷೆ, ಯಾರದೋ ಗ್ರೀನ್ ಕಾರ್ಡ್. ಬಾಯಿಬಿಟ್ಟು ಹೇಳಲಾಗದ್ದು ಇದ್ದರೆ "ನನ್ನದೊಂದು ವಿಶೇಷ ಕೋರಿಕೆಗಾಗಿ" ಎಂದರೆ ಸಾಕು. ಅದೇನೆಂದು ಯಾರೂ ಕೇಳುವುದಿಲ್ಲ. ಸಂಬಳ ಎಷ್ಟು, ಸೊಸೆಗೆ ಯಾಕೆ ಇನ್ನೂ ಮಕ್ಕಳಾಗಿಲ್ಲ ಎಂದೆಲ್ಲ ಮುಖದ ಮೇಲೆ ಕೇಳುವ ಜನ ನಾವು, ಇದೊಂದನ್ನು ಮಾತ್ರ ಕೇಳುವುದಿಲ್ಲ. ದೇವರಿಗೂ ಅವರಿಗೂ ಬಿಟ್ಟ ವಿಷಯ ಅದು. ನಮ್ಮ ಅಜ್ಜಿಯರ ಕಾಲದಿಂದ ಬಂದ ಮರ್ಯಾದೆ.

ಆ ಚಳಿಗಾಲ ಎಂದೆನಲ್ಲ, ಅದು 2009. ಆ ವರ್ಷ ವಾಷಿಂಗ್ಟನ್ನಿನಲ್ಲಿ ಎಲ್ಲರಿಗೂ ಆರೋಗ್ಯ ವಿಮೆ ಸಿಗಬೇಕೆಂಬ ದೊಡ್ಡ ಕಾನೂನಿನ ಚರ್ಚೆ ನಡೆಯುತ್ತಿತ್ತು. ಟೀವಿ ಹಾಕಿದರೆ ಅದೇ, ರೈಲಿನಲ್ಲಿ ಅದೇ. ನಾನು ಆಗ ಹ್ಯಾರಿಸನ್ನಿನಲ್ಲೇ, ಲೂರ್ದುವಿನ ಮನೆಯ ಹಿಂದಿನ ಬೀದಿಯಲ್ಲಿದ್ದೆ. ಮಕ್ಕಳ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಕೆಲಸ. ಬಂದವರ ಇನ್ಶೂರೆನ್ಸ್ ಕಾರ್ಡ್ ತೆಗೆದುಕೊಂಡು, ಕಂಪನಿಗೆ ಫೋನ್ ಮಾಡಿ, ಇವರಿಗೆ ಇದು ಸಿಗುತ್ತದೋ ಇಲ್ಲವೋ ಕೇಳುವುದು. ಇಲ್ಲವೆಂದಾಗ, ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತ ತಾಯಿಗೆ ನಗುಮುಖದಿಂದ ಆ ಮಾತು ಹೇಳುವುದು. ಡಾಕ್ಟರು ಒಳಗೆ ಒಳ್ಳೆಯವರು, ಹೊರಗೆ ಕೆಟ್ಟವಳು ನಾನು. ಸಂಜೆ ಲೂರ್ದುವಿನ ಮನೆಗೆ ಹೋಗಿ ಆ ಕಥೆಗಳನ್ನೆಲ್ಲ ಒದರುತ್ತಿದ್ದೆ. ಹಳೆಯ ಕಾಯಿಲೆ ಎಂದು ಡಾಕ್ಟರು ಒಮ್ಮೆ ಬರೆದುಬಿಟ್ಟರೆ, ಆಮೇಲೆ ಹೊಸ ಇನ್ಶೂರೆನ್ಸ್ ತಗೊಂಡರೂ ಅದಕ್ಕೆ ವರ್ಷದವರೆಗೆ ಬಿಡಿಗಾಸೂ ಕೊಡುವುದಿಲ್ಲ ಎಂಬ ನಿಯಮವನ್ನು ನಾನೇ ಅಣಕಿಸಿ ಹೇಳಿದ್ದುಂಟು. "ಈ ದೇಶದಲ್ಲಿ ಕಾಯಿಲೆಗೂ ಜಾತಕ ಬರೆಸ್ಬೇಕು ಕಣೇ." ಲೂರ್ದು ನಕ್ಕಿದ್ದಳು.

ಅವಳ ಗಂಡ ಅಂತೋಣಿಯವರು ಮೆಷಿನ್ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರಾಗಿದ್ದರು. ಆ ಬೇಸಿಗೆಯಲ್ಲಿ ಕಂಪನಿ ಮುಚ್ಚಿತು. ಆಮೇಲೆ ಅಲ್ಲಿ ಇಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿತು, ಕಾಯಂ ಕೆಲಸದೊಂದಿಗೆ ಬರುವ ಇನ್ಶೂರೆನ್ಸ್ ಸಿಗಲಿಲ್ಲ. ಆ ವಿಷಯ ನಮಗೆಲ್ಲ ಗೊತ್ತಿತ್ತು. ಆಗ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು, ಬೇಗ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದೆವು.

ಅಕ್ಟೋಬರಿನ ಮೊದಲ ಭಾನುವಾರವೇ ಇರಬೇಕು, ಚರ್ಚಿನ ಬೆಂಚುಗಳ ಮೇಲೆ ಪೋಸ್ಟ್‌ಕಾರ್ಡುಗಳು ಬಂದಿದ್ದವು. ಫಾದರ್ ಪ್ರಸಂಗದಲ್ಲಿ ಶಾಂತವಾಗಿಯೇ ಹೇಳಿದರು. ಬಡವರಿಗೆ ವೈದ್ಯರು ಸಿಗಬೇಕೆಂದು ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ, ಅದು ನಮ್ಮ ಬೋಧನೆಯೇ. ಆದರೆ ನಮ್ಮ ತೆರಿಗೆ ಹಣ ಗರ್ಭಪಾತಕ್ಕೆ ಹೋಗುವಂತಿದ್ದರೆ ಆ ಕಾನೂನನ್ನು ನಾವು ಒಪ್ಪಲಾಗದು. ಕಾರ್ಡಿಗೆ ಸಹಿ ಹಾಕಿ ಬುಟ್ಟಿಯಲ್ಲಿಡಿ, ನಮ್ಮ ಪ್ರತಿನಿಧಿಗಳಿಗೆ ಕಳಿಸುತ್ತೇವೆ. ಪೂಜೆ ಮುಗಿದ ಮೇಲೆ ಕೆಳಗಿನ ಹಾಲಿನಲ್ಲಿ ಕಾಫಿ, ಡೋನಟ್. ಅಲ್ಲಿಗೆ ಸಿಸ್ಟರ್ ಮಾರ್ಗರೆಟ್ ಬಂದರು. ಬಹಳ ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ವಯಸ್ಸಾದ ಮೇಲೆ ನಮ್ಮ ಚರ್ಚಿಗೆ ಸೇರಿದ ರೋಗಿಗಳ ಮನೆಗೆ ಹೋಗಿಬರುತ್ತಿದ್ದ ಐರಿಷ್ ಮೂಲದ ಸನ್ಯಾಸಿನಿ. ಡೋನಟ್ ಕಚ್ಚುತ್ತಲೇ, ತಾವು ಕಾರ್ಡ್ ಹಾಕಿಲ್ಲ, ಬದಲಿಗೆ ಪ್ರತಿನಿಧಿಯ ಆಫೀಸಿಗೆ ಫೋನ್ ಮಾಡಿ ಈ ಕಾನೂನು ಬೇಕು ಎಂದು ಹೇಳುವುದಾಗಿ ತಿಳಿಸಿದರು. ಆ ಹಣ ಗರ್ಭಪಾತಕ್ಕೆ ಹೋಗುತ್ತದೆ ಎಂದು ನನಗೆ ಅನ್ನಿಸುತ್ತಿಲ್ಲ, ವೈದ್ಯರಿಲ್ಲದೆ ಸತ್ತವರ ಕೈ ಮಾತ್ರ ಬೇಕಾದಷ್ಟು ಹಿಡಿದಿದ್ದೇನೆ ಎಂದರು.

ನಮ್ಮ ಗುಂಪಿನ ಹಿರಿಯರು, ಪ್ಲೇನ್ಸ್‌ಬರೋದ ರಾಯಪ್ಪ ಅಂಕಲ್, ಅಲ್ಲಿದ್ದರು. ಜಪಸರ ನಡೆಸುವವರು ಅವರೇ. ಧರ್ಮಾಧ್ಯಕ್ಷರು ಒಂದು ಹೇಳಿ ಸನ್ಯಾಸಿನಿ ಇನ್ನೊಂದು ಹೇಳುವುದನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. ಹಿಡಿದ ಕಾಫಿ ಹಾಗೇ ಆರಿಹೋಯಿತು. "ಎತ್ತು ಏರಿಗೆ, ಕೋಣ ನೀರಿಗೆ" ಎಂದು ನನ್ನ ಕಿವಿಯಲ್ಲಿ ಗೊಣಗಿದರು.

ಲೂರ್ದು ಆಗಲೇ ಕಾರ್ಡ್ ಹಾಕಿಯಾಗಿತ್ತು. ನನ್ನದು ಇನ್ನೂ ಕೈಚೀಲದಲ್ಲೇ ಇತ್ತು. ಯಾಕೆ ಹಾಕಿಲ್ಲ ಎಂದಳು. ಹಾಕುವುದಿಲ್ಲ ಎಂದೆ. ನಾನೇನು ಗರ್ಭಪಾತದ ಪರವಲ್ಲ, ಆದರೆ ದಿನಾ ನನ್ನ ಮೇಜಿನಿಂದ ವಾಪಸ್ಸು ಹೋಗುವ ಮಕ್ಕಳೂ ಹುಟ್ಟಿದ ಮಕ್ಕಳೇ ತಾನೆ, ಅವರಿಗೆ ಯಾರು ಕಾರ್ಡ್ ಬರೆಯುತ್ತಾರೆ ಎಂದೆ. ನನ್ನ ನಾಲಿಗೆ ಸ್ವಲ್ಪ ಹರಿತ, ದನಿಯೂ ದೊಡ್ಡದು. ಸುತ್ತ ನಾಲ್ಕು ಜನ ತಿರುಗಿ ನೋಡಿದರು.

ಲೂರ್ದು ದನಿ ಏರಿಸುವವಳಲ್ಲ. ಹಾಲಿನ ಆ ಕೊನೆಯಲ್ಲಿ ಬೇರೆ ಮಕ್ಕಳೊಂದಿಗೆ ಕೂತಿದ್ದ ನಿಷಾಳನ್ನು ತೋರಿಸಿದಳು. ಆಗ ಮಿಡಲ್ ಸ್ಕೂಲಿನ ಹುಡುಗಿ, ಎಡಗಿವಿಯಲ್ಲಿ ಹಿಯರಿಂಗ್ ಏಡ್. "ಅವಳನ್ನ ನೋಡ್ಕೊಂಡು ಹೇಳು ಸೆಲಿನ್, ಹಾಕಲ್ಲ ಅಂತ."

ಆ ಕಥೆ ನನಗೆ ಗೊತ್ತಿತ್ತು. ಮೈಸೂರಿನಲ್ಲಿ ನಿಷಾ ಹೊಟ್ಟೆಯಲ್ಲಿದ್ದಾಗ, ಮೊದಲ ತಿಂಗಳುಗಳಲ್ಲೇ ಲೂರ್ದುವಿಗೆ ಮೈಮೇಲೆ ಗುಳ್ಳೆ ಎದ್ದು ಜ್ವರ ಬಂತು. ಮಗು ಕುರುಡಾಗಬಹುದು, ಕಿವುಡಾಗಬಹುದು, ಹೃದಯಕ್ಕೆ ಏಟು ಬೀಳಬಹುದು, ತೆಗೆಸಿಬಿಡಿ ಎಂದರು ಡಾಕ್ಟರು. ದಿನಾ ಪೂಜೆಗೆ ಹೋಗುವ ಅತ್ತೆಯೇ ತೆಗೆಸು ಎಂದಿದ್ದರಂತೆ. ಇವಳು ಒಪ್ಪಲಿಲ್ಲ. ಹುಟ್ಟಿದ ಮಗುವಿಗೆ ಒಂದು ಕಿವಿ ಮಂದವಾಗಿದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಲೂರ್ದುವಿನ ನಂಬಿಕೆ ಪ್ರಸಂಗ ಕೇಳಿ ಬಂದದ್ದಲ್ಲ. ಆದರೂ ನಾನು ಕಾರ್ಡ್ ಹಾಕಲಿಲ್ಲ. ಅಂದಿನಿಂದ ನಮ್ಮಿಬ್ಬರ ಮಾತು ಕಡಿಮೆಯಾಯಿತು. ಸಂಜೆ ಕಾಫಿ ನಿಂತುಹೋಯಿತು. ಜಪಸರದಲ್ಲಿ ಸಿಕ್ಕಾಗ ಊಟ ಆಯ್ತಾ, ಚಳಿ ಜಾಸ್ತಿ ಅಲ್ವಾ, ಅಷ್ಟೇ.

ಎಲೆ ಉದುರುವ ಕಾಲ ಅದು. ಹ್ಯಾರಿಸನ್ನಿನ ಬೀದಿಗಳಲ್ಲಿ ಮರಗಳು ಕಡಿಮೆ, ಆದರೂ ಎಲ್ಲಿಂದಲೋ ಎಲೆಗಳು ಬಂದು ಮೆಟ್ಟಿಲಲ್ಲಿ ಗುಡ್ಡೆ ಬೀಳುತ್ತಿದ್ದವು. ಪ್ರತಿಮೆ ಮನೆಯಿಂದ ಮನೆಗೆ ಸಾಗಿತು. ರಾಯಪ್ಪ ಅಂಕಲ್ ಪ್ರತಿ ಜಪಸರದಲ್ಲೂ ಮೊದಲ ಕೋರಿಕೆ ತಾವೇ ಹೇಳುತ್ತಿದ್ದರು: ಈ ಕಾನೂನು ಬಿದ್ದುಹೋಗಲಿ. ನಾನು ಆ ಹತ್ತು ಮಣಿಗೆ ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ, ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ಕೊನೆಯ ಸುತ್ತಿನ ಹೊತ್ತಿಗೆ ಲೂರ್ದು ಮೆಲ್ಲಗೆ ಹೇಳುತ್ತಿದ್ದಳು, "ನನ್ನದೊಂದು ವಿಶೇಷ ಕೋರಿಕೆಗಾಗಿ." ಪ್ರತಿ ವಾರವೂ ಅದೇ. ಗಂಡನಿಗೆ ಕೆಲಸ ಸಿಗಲಿ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆವು. ಎಲ್ಲರೂ ತಲೆ ಬಗ್ಗಿಸಿ ನಮೋ ಮರಿಯ ಪ್ರಾರ್ಥನೆ ಶುರು ಮಾಡುತ್ತಿದ್ದೆವು.

ಪ್ರತಿಮೆ ಲೂರ್ದುವಿನ ಮನೆಯಲ್ಲಿದ್ದ ವಾರ ಮುಗಿಯಿತು. ಮುಂದಿನ ಸರದಿ ನನ್ನದು. ಜಪಸರ ಮುಗಿದ ಮೇಲೆ ನಾನು ತೋಳು ಚಾಚಿ ನಿಂತೆ. ಮಾತು ಬಿಟ್ಟಿದ್ದರೂ ಮಾತೆಯನ್ನು ಕೊಡುವಾಗಲಾದರೂ ಮುಖ ನೋಡುತ್ತಾಳಲ್ಲ ಎಂಬ ಆಸೆ ನನಗೆ. ಅವಳು ಒಂದು ಹೆಜ್ಜೆ ಮುಂದೆ ಬಂದು ನಿಂತು, ನಿಷಾಳನ್ನು ಕರೆದು, "ನೀನು ಎತ್ಕೊಡು ಮಗಳೇ" ಎಂದಳು. ಆ ಹುಡುಗಿ ಹೆಮ್ಮೆಯಿಂದ ಎತ್ತಿಕೊಟ್ಟಳು. ಎಲ್ಲರಿಗೂ ಬಹಳ ಚೆನ್ನಾಗಿ ಕಂಡಿತು. ಮುಂದಿನ ತಲೆಮಾರಿಗೆ ಹೀಗೇ ಕಲಿಸಬೇಕು ಎಂದು ರಾಯಪ್ಪ ಅಂಕಲ್ ಹೊಗಳಿದರು. ನನಗೆ ಮಾತ್ರ ಸಿಟ್ಟು ಬಂತು, ನನ್ನ ತೋಳಿಗೆ ಕೊಡಲು ಇವಳಿಗೆ ಮನಸ್ಸಿಲ್ಲ ಎಂದುಕೊಂಡೆ. ಆ ಸಲ ಅಲಾರಂಗೆ ಟೋಪಿ ತೊಡಿಸಲು ಕುರ್ಚಿ ಹತ್ತಿದವರೂ ಅಂತೋಣಿಯವರೇ. ಅದನ್ನೂ ನೋಡಿದ್ದೆವು. ಲೂರ್ದುವಿಗೆ ಕೈ ಎತ್ತಲಾಗುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಸಿಸ್ಟರ್ ಮಾರ್ಗರೆಟ್‌ಗೆ. ಕ್ರಿಸ್ಮಸ್ ಕಳೆದು, ಮಂಜು ಬಿದ್ದು, ಅದರ ಮೇಲೆ ಮತ್ತೆ ಮಂಜು ಬಿದ್ದು ಬೀದಿಯೆಲ್ಲ ಬೂದುಬಣ್ಣದ ಕೆಸರಾಗಿದ್ದ ದಿನಗಳು. ಬೂದಿ ಬುಧವಾರ ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ಲೂರ್ದು ಕೋಟು ಹಾಕಿಕೊಳ್ಳಲು ಒದ್ದಾಡುತ್ತಿದ್ದಳಂತೆ. ಸಿಸ್ಟರ್ ಹಿಂದಿನಿಂದ ಕೋಟು ಹಿಡಿದರು, ಹಾಗೆಯೇ ಅವಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಮರುದಿನ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಇನ್ಶೂರೆನ್ಸ್ ಇಲ್ಲದವರಿಗೆಂದು ರಾಜ್ಯದ ವ್ಯವಸ್ಥೆಯೊಂದಿದೆ, ಅದರಲ್ಲಿ ಚಿಕಿತ್ಸೆ ಶುರುವಾಯಿತು. ಅದು ನನಗೂ ಗೊತ್ತಿದ್ದ ವ್ಯವಸ್ಥೆಯೇ. ಬೇಸಿಗೆಯಲ್ಲೇ ಕಂಡ ಗಂಟು ಅಷ್ಟರಲ್ಲಿ ಎದೆಯಿಂದ ಕಂಕುಳಿಗೆ, ಕಂಕುಳಿಂದ ಬೆನ್ನುಮೂಳೆಗೆ ಇಳಿದಿತ್ತು.

ಅಂತೋಣಿಯವರು ಬಂದು ಹೇಳಿದಾಗ ನಾನು ಒಲೆಯ ಮುಂದಿದ್ದೆ. ಸಾರು ಉಕ್ಕಿ ಚೆಲ್ಲಿತು. ಅವರಿಗೂ ಗೊತ್ತಿರಲಿಲ್ಲವಂತೆ. ತಮಗೆ ಇನ್ಶೂರೆನ್ಸ್ ಇರುವ ಕೆಲಸ ಸಿಗುವ ಮೊದಲೇ ತೋರಿಸಿದರೆ ಹಳೆಯ ಕಾಯಿಲೆ ಎಂದು ಬರೆದುಬಿಡುತ್ತಾರೆ, ಅಲ್ಲಿಯವರೆಗೆ ಯಾವ ಡಾಕ್ಟರಿಗೂ ತೋರಿಸಬಾರದು ಎಂದು ತೀರ್ಮಾನಿಸಿಬಿಟ್ಟಿದ್ದಳು ಎಂದು ಹೇಳಿ, ಆ ಮನುಷ್ಯ ನನ್ನ ಅಡುಗೆಮನೆಯ ಬಾಗಿಲಿಗೆ ಒರಗಿ ಅತ್ತರು.

ನಾನು ಆಸ್ಪತ್ರೆಗೆ ಹೋಗತೊಡಗಿದೆ. ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ, ರಾಜಿಯ ಮಾತೂ ಆಡಲಿಲ್ಲ. ನಾನು ತಲೆ ಬಾಚುತ್ತಿದ್ದೆ, ಆಮೇಲೆ ಬಾಚಲು ಕೂದಲು ಉಳಿಯಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹೋದಾಗ ಗೋಡೆಯ ಟೀವಿಯಲ್ಲಿ, ಹಿಂದಿನ ದಿನ ಕಾನೂನು ಪಾಸಾಯಿತು ಎಂದು ತೋರಿಸುತ್ತಿದ್ದರು. ಜನ ಕುಣಿಯುತ್ತಿದ್ದರು, ಇನ್ನೊಂದು ಕಡೆ ಜನ ಬೋರ್ಡು ಹಿಡಿದು ಕೂಗುತ್ತಿದ್ದರು. ಹಳೆಯ ಕಾಯಿಲೆ ಎಂದು ಹೇಳಿ ಇನ್ನು ಮುಂದೆ ಇನ್ಶೂರೆನ್ಸ್ ಕಂಪನಿಗಳು ಯಾರನ್ನೂ ಕೈಬಿಡುವಂತಿಲ್ಲ, ಆದರೆ ದೊಡ್ಡವರಿಗೆ ಅದು ಜಾರಿಗೆ ಬರಲು ಇನ್ನೂ ಕೆಲವು ವರ್ಷ ಬೇಕು ಎಂದು ಸುದ್ದಿ ಓದುವವಳು ಹೇಳಿದಳು. ಲೂರ್ದು ದನಿ ಕಡಿಮೆ ಮಾಡಿಸಿದಳು.

"ನಾನೇ ಬೇಡ ಅಂತ ಕಾರ್ಡ್ ಹಾಕ್ದೋಳು. ಈಗ ಇದು ಪಾಸಾಯ್ತು ಅಂತ ಖುಷಿ ಪಟ್ರೆ ತಪ್ಪಾಗತ್ತಾ ಸೆಲಿನ್?" ಎಂದಳು.

ತಪ್ಪೇನಿಲ್ಲ ಎಂದೆ. ಅವಳು ಹೇಳಿದಳು. "ವಾರವಾರ ಅದನ್ನೇ ಕೇಳ್ತಿದ್ದೆ ಕಣೇ. ಆ ಒಂದು ವಿಷ್ಯ ತೆಗೆದುಹಾಕಿ ಮಿಕ್ಕಿದ್ದನ್ನ ಪಾಸ್ ಮಾಡ್ಸು ತಾಯಿ ಅಂತ. ರಾಯಪ್ಪ ಅಂಕಲ್ ಬೀಳ್ಲಿ ಅಂತಿದ್ರು, ಎಲ್ರೂ ಹೂಂ ಅಂತಿದ್ರು. ನಾನೂ ಆ ಹತ್ತು ಮಣಿ ಹೇಳಿ, ಆಮೇಲೆ ನನ್ನ ಹತ್ತು ಹೇಳ್ತಿದ್ದೆ. ಮಾತೆಗೂ ತಲೆ ಕೆಟ್ಟಿರತ್ತೆ."

"ಒಂದ್ಸಲ ಹೇಳಬಾರ್ದಿತ್ತಾ ನಂಗೆ" ಎಂದೆ.

"ನೀವ್ಯಾರಾದ್ರೂ ಕೇಳ್ತೀರೇನೋ ಅಂತ ಕಾಯ್ತಿದ್ದೆ" ಎಂದಳು. ದೂರಿನ ದನಿಯಲ್ಲಿ ಹೇಳಲಿಲ್ಲ. ಕೇಳಬಾರದು ಎಂಬುದು ಅವಳಿಗೂ ಗೊತ್ತಿತ್ತಲ್ಲ, ಅವಳೂ ನಮ್ಮವಳೇ.

ಆ ವರ್ಷದ ಕ್ರಿಸ್ಮಸ್ ಅವಳು ನೋಡಲಿಲ್ಲ. ಮಳೆ ಹನಿಯುತ್ತಿದ್ದ ದಿನ, ಅದೇ ಚರ್ಚಿನಲ್ಲಿ, ಅದೇ ಫಾದರ್ ಪೂಜೆ ಮಾಡಿದರು. ಅವರು ಬಹಳ ಅತ್ತರು, ಅದನ್ನು ಹೇಳದಿದ್ದರೆ ನ್ಯಾಯವಾಗದು. ಕಾಯಿಲೆಯ ಅಷ್ಟು ತಿಂಗಳೂ ಅವಳಿಗೆ ಪರಮಪ್ರಸಾದ ತಂದುಕೊಟ್ಟವರು ಅವರೇ. ಸಿಸ್ಟರ್ ಮಾರ್ಗರೆಟ್ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಇವತ್ತಿಗೂ ಕೆಲವರು ಕೇಳುತ್ತಾರೆ, ನಾನು ಕಾರ್ಡ್ ಹಾಕದವಳೆಂದು ಪ್ರಸಿದ್ಧಳಾಗಿದ್ದೇನೆ. ಈಗಲೂ ಹಾಕುವುದಿಲ್ಲ. ಆದರೆ ಕಾರ್ಡ್ ಹಾಕಿದವಳ ಮುಂದೆ ದೊಡ್ಡ ದನಿಯಲ್ಲಿ ಮಾತಾಡುವುದನ್ನು ಬಿಟ್ಟಿದ್ದೇನೆ. ಹುಟ್ಟದ ಮಗುವೂ ಉಳಿಯಲಿ, ಎಲ್ಲರಿಗೂ ಡಾಕ್ಟರೂ ಸಿಗಲಿ ಎಂದು ಎರಡನ್ನೂ ಕೇಳಿದವಳೊಬ್ಬಳು ನನ್ನ ಹಿಂದಿನ ಬೀದಿಯಲ್ಲೇ ಇದ್ದಳು, ಅವಳಿಗೆ ಎರಡರಲ್ಲಿ ಒಂದೂ ಸಿಗಲಿಲ್ಲ.

ನಾವು ಮುಂದೆ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದೆವು. ಅಂತೋಣಿಯವರು ಮಗಳು ಕಾಲೇಜು ಮುಗಿಸುವವರೆಗೆ ಕಾದು ಮೈಸೂರಿಗೆ ಹೋದರು. ನಾವಿದ್ದ ಹಳೆಯ ಬೀದಿ ಹಾಗೇ ಇದೆ. ಅದರ ಆಚೆ, ಕಾರ್ಖಾನೆಗಳಿದ್ದ ಜಾಗವೆಲ್ಲ ಈಗ ಗಾಜಿನ ಕಟ್ಟಡಗಳು. ನಿಷಾ ಅಮ್ಮನಿದ್ದ ಊರೇ ಬೇಕೆಂದು ಹುಡುಕಿಕೊಂಡು ಬಂದಿದ್ದಾಳೆ.

ಹೋದ ಅಕ್ಟೋಬರಿನ ಆ ಶನಿವಾರ ಜಪಸರ ನಡೆಸಿದವರು ರಾಯಪ್ಪ ಅಂಕಲ್. ಈಗ ಕೋಲು ಹಿಡಿದು ನಡೆಯುತ್ತಾರೆ, ದನಿ ಮಾತ್ರ ಇನ್ನೂ ಗಟ್ಟಿ. ನಾಲ್ಕು ಸುತ್ತು ಮುಗಿಯಿತು. ಕೊನೆಯ ಕೋರಿಕೆ ಮನೆಯವರದು. ನಿಷಾ ಸಾಂಬ್ರಾಣಿಯ ಬಟ್ಟಲನ್ನೇ ನೋಡುತ್ತ, "ಒಂದು ಸ್ಪೆಷಲ್ ಇಂಟೆನ್ಷನ್" ಎಂದಳು. ಅದೇ ವಿಶೇಷ ಕೋರಿಕೆ, ಇಂಗ್ಲಿಷಿನಲ್ಲಿ ಹೇಳಿದರೂ ಅಮ್ಮನದೇ ಮೆಲುದನಿ. ಎಲ್ಲರೂ ತಲೆ ಬಗ್ಗಿಸಿದರು.

ನನಗೆ ತಡೆಯಲಾಗಲಿಲ್ಲ. "ಏನದು ನಿಷಾ?" ಎಂದೆ.

ಕೋಣೆಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಯಾರೋ ಕೆಮ್ಮಿದರು. ನಿಷಾ ಕೇಳುವ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತಿದ್ದವಳು, ಕೇಳಿಸಿದ್ದು ನಿಜವೇ ಎಂಬಂತೆ ನೋಡಿದಳು. ಆಮೇಲೆ ಹೇಳಿದಳು. "ಐ ಗಾಟ್ ಟೆಸ್ಟೆಡ್, ಆಂಟಿ. ಅಮ್ಮಂದು ನಂಗೂ ಬರತ್ತಾ ಅಂತ. ಮೊನ್ನೆ ಏನೋ ಕಾಣಿಸ್ತು ಅಂತ ಬಯಾಪ್ಸಿ ಮಾಡಿದಾರೆ. ಥರ್ಸ್‌ಡೇ ರಿಸಲ್ಟ್. ಇನ್ಶೂರೆನ್ಸ್ ಇದೆ, ಡೋಂಟ್ ವರಿ." ಕೊನೆಯ ಮಾತನ್ನು ನನ್ನನ್ನು ಸಮಾಧಾನ ಮಾಡಲು ಹೇಳಿದಳು.

ರಾಯಪ್ಪ ಅಂಕಲ್ ಜಪಸರವನ್ನು ಮಡಿಲಲ್ಲಿಟ್ಟು ಕಣ್ಣು ಒರೆಸಿಕೊಂಡರು. ಹೆಂಗಸರ ಮುಂದೆ ಕಾಯಿಲೆಯ ಹೆಸರನ್ನೂ ಎತ್ತದ ಹಳೆಯ ಕಾಲದ ಮನುಷ್ಯ. ಅವರು ಮಣಿ ಮತ್ತೆ ಕೈಗೆತ್ತಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದರು: "ನಮ್ಮ ನಿಷಾಳ ಎದೆಯ ಪರೀಕ್ಷೆಗಾಗಿ. ಗುರುವಾರದ ರಿಸಲ್ಟ್‌ಗಾಗಿ."

ಎಲ್ಲರೂ ದನಿಗೂಡಿಸಿದರು. ನಾನು ಮೊದಲ ಮಣಿಯಲ್ಲೇ ನಿಂತುಬಿಟ್ಟೆ. ಈ ಪ್ರಾರ್ಥನೆ, ಇದೇ ದನಿಯಲ್ಲಿ, ಇದೇ ಊರಿನ ಹಳೆಯ ಬೀದಿಯಲ್ಲಿ, ಅಲಾರಂಗೆ ಟೋಪಿ ತೊಡಿಸಿದ್ದ ಆ ಮನೆಯಲ್ಲಿ ಒಂದು ಸಂಜೆ ಆಗಬೇಕಿತ್ತು. ಅಲ್ಲಿ ಒಬ್ಬಳು ಯಾರಾದರೂ ಕೇಳಲಿ ಎಂದು ಕಾಯುತ್ತ ಕೂತಿದ್ದಳು.